ಗ್ಯಾಸ್ ಬಿಟ್ಟು ಗಾಳಿ ಓಡಿಸುವ ವಿದ್ಯೆ

ಕಲಬುರಗಿಯ ಏಪ್ರಿಲ್ ಬಿಸಿಲಿಗೆ ನಮ್ಮ ಮಾಳಿಗೆ ಕಾದ ಹಂಚಾಗಿತ್ತು. ಏಸಿ ಕೂರಿಸಲು ಬಂದ ಹುಡುಗ ಅದರ ಮೇಲೆಯೇ ಕುಕ್ಕರಗಾಲಲ್ಲಿ ಕೂತು ತಾಮ್ರದ ಪೈಪಿನ ಬಾಯಿ ಅರಳಿಸುತ್ತಿದ್ದ. ಕಟ್ಟರ್‌ನಲ್ಲಿ ಕೊಯ್ದ ಪೈಪನ್ನು ಬಾಯಿ ಕೆಳಗಾಗಿ ಹಿಡಿದು ಒಳಗಿನ ಚೂಪು ಅಂಚನ್ನು ಕೆರೆದ. ಪುಡಿ ಒಳಗೆ ಬಿದ್ದರೆ ಅದು ಕಂಪ್ರೆಸರ್‌ವರೆಗೂ ಹೋದೀತು. ನಟ್ಟನ್ನು ಮೊದಲೇ ಪೋಣಿಸಿಕೊಂಡ. (ಇದನ್ನು ಮರೆತು, ಅರಳಿಸಿದ ಬಾಯಿಯನ್ನು ಮತ್ತೆ ಕತ್ತರಿಸದ ಮೆಕ್ಯಾನಿಕ್ ಇದ್ದರೆ ತೋರಿಸಿ.) ಟೂಲಿನ ಮೂತಿಗೆ ತೊಟ್ಟು ಎಣ್ಣೆ ಹಚ್ಚಿ ತಿರುಗಿಸಿದ. ಉಮ್ಮತ್ತಿ ಹೂವಿನಂತೆ 45 ಡಿಗ್ರಿಗೆ ಅರಳಿದ ಬಾಯಿ, ಒಂದು ಗೀರಿಲ್ಲ. ಕಣ್ಣು ತಂಪಾಯಿತು.

ಟಾರ್ಕ್ ರೆಂಚ್ ಅವನ ಚೀಲದಲ್ಲಿರಲಿಲ್ಲ. ಕಾಲಿಂಚಿನ ನಟ್ಟಿಗೆ ಸುಮಾರು 14ರಿಂದ 18, ಅರ್ಧ ಇಂಚಿನದಕ್ಕೆ 50ರಿಂದ 60 ನ್ಯೂಟನ್ ಮೀಟರ್ ಬಿಗಿ ಎನ್ನುತ್ತವೆ ಕಂಪನಿಗಳ ಪುಸ್ತಕಗಳು. ಅವನು ಎರಡು ಸ್ಪ್ಯಾನರ್ ಹಿಡಿದು, ಪೈಪು ತಿರುಚದಂತೆ ಕೈ ಅಂದಾಜಿನಲ್ಲಿ ಬಿಗಿದ. ಹೋಗಲಿ ಬಿಡಿ ಅಂದುಕೊಂಡೆ.

ಆಮೇಲೆ ಅಲೆನ್ ಕೀ ತೆಗೆದ. ಸಣ್ಣ ಪೈಪಿನ ವಾಲ್ವ್ ಒಂದಿಷ್ಟು ತೆರೆದು, ದೊಡ್ಡ ಪೈಪಿನ ನಟ್ಟು ಸಡಿಲಿಸಿ, ಸುಯ್ ಎಂದು ಕೆಲವು ಸೆಕೆಂಡು ಗ್ಯಾಸ್ ಬಿಟ್ಟು ಮತ್ತೆ ಬಿಗಿಯುವ ವಿಚಾರ. ತಡೆದೆ. "ಗ್ಯಾಸ್ ಬಿಟ್ರ ಗಾಳಿ ತಾನಾ ಹೊರಗ ಹೋಗ್ತದ್ರಿ ಸರ್" ಅಂದ.

ಗಾಳಿ ಬಹುಪಾಲು ಹೋಗುತ್ತದೆ, ನಿಜ. ಪೈಪಿನ ಗೋಡೆಗೆ ಅಂಟಿಕೊಂಡ ತೇವ ಹೋಗುವುದಿಲ್ಲ. ಈ ಪದ್ಧತಿ ಆರ್-22 ಗ್ಯಾಸಿನ ಕಾಲದ್ದು. ಅಂದಿನ ಕಂಪ್ರೆಸರ್‌ಗಳ ಮಿನರಲ್ ಎಣ್ಣೆ ನೀರನ್ನು ಅಷ್ಟಾಗಿ ಹೀರುತ್ತಿರಲಿಲ್ಲ, ತಪ್ಪು ನಡೆದುಹೋಗುತ್ತಿತ್ತು. ಈಗಿನ ಆರ್-32 ಯಂತ್ರಗಳಲ್ಲಿ ಹೆಚ್ಚಾಗಿ ಇರುವ ಸಿಂಥೆಟಿಕ್ ಎಣ್ಣೆಗಳು ತೇವವನ್ನು ಎಳೆದುಕೊಳ್ಳುತ್ತವೆ. ಎಸ್ಟರ್ ಜಾತಿಯ ಎಣ್ಣೆಯಾದರೆ ಆ ನೀರಿನ ಜೊತೆ ಸೇರಿ ಆಮ್ಲವಾಗುತ್ತದೆ, ಆಮ್ಲ ಮೋಟಾರಿನ ವೈಂಡಿಂಗನ್ನು ತಿನ್ನುತ್ತದೆ. ಸಾಲದ್ದಕ್ಕೆ ಆರ್-32 ಬೆಂಕಿ ಹತ್ತಬಲ್ಲ ಅನಿಲ. ಭೂಮಿಯನ್ನು ಕಾಯಿಸುವುದರಲ್ಲಿ ಅದರ ಒಂದು ಕಿಲೋ ಸುಮಾರು 675 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಮಾಳಿಗೆ ಮೇಲೆ ಸುಮ್ಮನೆ ಬಿಡುವ ವಸ್ತುವಲ್ಲ.

ಇದಕ್ಕೆ ಮದ್ದು ವ್ಯಾಕ್ಯೂಮ್ ಪಂಪು. ಒತ್ತಡ 500 ಮೈಕ್ರಾನಿಗೆ, ಅಂದರೆ ಪಾದರಸದ ಅರ್ಧ ಮಿಲಿಮೀಟರಿಗೆ ಇಳಿದರೆ (ನಮ್ಮ ಸುತ್ತಲ ಗಾಳಿಯದು ಸುಮಾರು 760) ಪೈಪಿನೊಳಗಿನ ನೀರು ಯಾವ ಒಲೆಯೂ ಇಲ್ಲದೆ ಕುದಿದು ಆವಿಯಾಗುತ್ತದೆ, ಪಂಪು ಅದನ್ನು ಎಳೆದು ಹಾಕುತ್ತದೆ. ಪಂಪು ಹಚ್ಚುವವರ ಕೆಲಸದಲ್ಲೂ ಒಂದು ಕೊರತೆ ಇದೆ. ಮಾಮೂಲಿ ಗೇಜಿನ ಮುಳ್ಳು ಪಾದರಸದ 30 ಇಂಚಿನ ಹತ್ತಿರ ಹೋಗಿ ನಿಂತುಬಿಡುತ್ತದೆ. ಅಲ್ಲಿ 5000 ಮೈಕ್ರಾನಿಗೂ 500ಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಮೈಕ್ರಾನ್ ಗೇಜನ್ನು ಮನೆ ಏಸಿಗೆ ತಂದವರನ್ನು ನಾನಂತೂ ನೋಡಿಲ್ಲ.

ಹುಡುಗನನ್ನೇ ಬೈಯಲು ಮನಸ್ಸಾಗುವುದಿಲ್ಲ. ಸಂಜೆಯೊಳಗೆ ಅವನು ಇನ್ನೂ ಎರಡು ಮನೆ ಮುಗಿಸಬೇಕಿತ್ತು. ದುಡ್ಡು ಮನೆಯ ಲೆಕ್ಕಕ್ಕೆ, ಗಂಟೆಯ ಲೆಕ್ಕಕ್ಕಲ್ಲ. ನಾವೋ, ಇಂಡೋರ್ ಯೂನಿಟ್ ನೇರ ಕೂತಿದೆಯೇ, ಗೋಡೆಯ ತೂತಿನ ಸುತ್ತ ಬಣ್ಣ ಹೋಗಿದೆಯೇ ಎಂದು ನೋಡಿ ಚಹಾ ಕೊಟ್ಟು ಕಳಿಸುತ್ತೇವೆ. ಎರಡು ಬೇಸಿಗೆ ಕಳೆದ ಮೇಲೆ ಇನ್ನೊಬ್ಬ ಬಂದು "ಗ್ಯಾಸ್ ಕಮ್ಮಿ ಆಗೇದ" ಎಂದರೆ, ಬೈಕಿಗೆ ಪೆಟ್ರೋಲ್ ಹಾಕಿಸಿದಷ್ಟೇ ಸಹಜವಾಗಿ ತುಂಬಿಸಿಕೊಳ್ಳುತ್ತೇವೆ. ಏಸಿಯ ಗ್ಯಾಸು ಖರ್ಚಾಗುವ ಪದಾರ್ಥವಲ್ಲ. ಮುಚ್ಚಿದ ಪೈಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಕಮ್ಮಿಯಾಗಿದ್ದರೆ ಎಲ್ಲೋ ಸೋರಿದೆ, ಅದೂ ಹೆಚ್ಚಿನ ಸಲ ಈ ನಟ್ಟುಗಳಲ್ಲೇ.

ಅಂತೂ ಅವನು ಗೊಣಗಿಕೊಂಡು ಗೆಳೆಯನಿಗೆ ಫೋನ್ ಮಾಡಿ ಪಂಪು ತರಿಸಿದ. ಇಪ್ಪತ್ತು ನಿಮಿಷ ಓಡಿಸಿ ನಿಲ್ಲಿಸಿ, ಮುಳ್ಳು ಮೇಲೇರುತ್ತದೆಯೇ ಎಂದು ಇಬ್ಬರೂ ಬಗ್ಗಿ ನೋಡಿದೆವು. ಏರಲಿಲ್ಲ. ವಾಲ್ವ್ ಎರಡೂ ತೆರೆದ, ಏಸಿ ತಣ್ಣಗೆ ಬೀಸಿತು. ನಾನು ನೀರು ತರಲು ಕೆಳಗೆ ಹೋಗಿ ಬರುವಷ್ಟರಲ್ಲಿ ಜೋಡಣೆಯ ಮೇಲೆ ಕಪ್ಪು ಫೋಮು ಮುಚ್ಚಿ ಬಿಳಿ ಟೇಪು ಸುತ್ತಿದ್ದ. ಸೋಪಿನ ನೊರೆ ಹಚ್ಚಿದೆಯಾ ಅಂದೆ. ಮುಳ್ಳು ನಿಂತಿತ್ತಲ್ರಿ ಅಂದ. ವ್ಯಾಕ್ಯೂಮಿನಲ್ಲಿ ಹೊರಗಿನ ಗಾಳಿ ಒಳಕ್ಕೆ ಒತ್ತುವುದು ಎಷ್ಟು, ಗ್ಯಾಸು ಒಳಗಿನಿಂದ ಹೊರಕ್ಕೆ ಒತ್ತುವುದು ಎಷ್ಟು! ಟೇಪು ಬಿಚ್ಚಿಸಿದೆ. ಪಾತ್ರೆ ಸೋಪು ಕಲಸಿ ಬ್ರಷ್ಷಿನಲ್ಲಿ ಹಚ್ಚಿದ. ಕಾಲಿಂಚಿನದು ಸುಮ್ಮನಿತ್ತು. ಅರ್ಧ ಇಂಚಿನ ನಟ್ಟಿನ ಹಿಂಬದಿಯಲ್ಲಿ, ಸಾಸಿವೆಯಷ್ಟು, ಒಂದು ಗುಳ್ಳೆ ನಿಧಾನಕ್ಕೆ ಉಬ್ಬಿತು. ಇಬ್ಬರೂ ಮಾತಾಡಲಿಲ್ಲ. ಅವನು ಮತ್ತೆ ಎರಡು ಸ್ಪ್ಯಾನರ್ ಎತ್ತಿಕೊಂಡ.