‘-ಆಯಿಸು’ ಎಲ್ಲಿಂದ ಬಂತು: ಎರವಲು ಕ್ರಿಯಾಪದಗಳ ನಿಷ್ಪತ್ತಿಯ ಕುರಿತು

ಸ್ಪ್ಯಾನಿಷ್ ಭಾಷೆಯು ಇಂಗ್ಲಿಷಿನ ‘ಚೆಕ್’, ‘ಪಾರ್ಕ್’ ಪದಗಳಿಗೆ ತನ್ನದೇ ‘-ಎಆರ್’ ಪ್ರತ್ಯಯವನ್ನು ಹಚ್ಚಿ ‘ಚೆಕೆಆರ್’, ‘ಪಾರ್ಕೆಆರ್’ ಎಂಬ ಕ್ರಿಯಾಪದಗಳನ್ನು ಮಾಡಿಕೊಂಡಿದೆ. ಕನ್ನಡದ ‘-ಇಸು’ ಪ್ರತ್ಯಯಕ್ಕೂ ಈ ಸಾಮರ್ಥ್ಯವುಂಟು. ಆದರೂ ಕಲಬುರಗಿಯ ಕೋಟನೂರಿನಲ್ಲಿ ‘ಗಾಡಿ ಪಾರ್ಕ್ ಮಾಡ್ರಿ’ ಎನ್ನುತ್ತಾರೆಯೇ ಹೊರತು ‘ಪಾರ್ಕಿಸ್ರಿ’ ಎನ್ನುವುದಿಲ್ಲ. ಹಾಗಿದ್ದರೆ ಚಲಾಯಿಸು, ಸತಾಯಿಸು, ದಬಾಯಿಸು, ನಿಭಾಯಿಸು ಎಂಬ ಎರವಲುಗಳು ‘-ಇಸು’ವನ್ನು ಪಡೆದದ್ದು ಹೇಗೆ?

‘ಬದಲಾಯಿಸು’ ಪದವನ್ನು ‘ಬದಲು’ ಮತ್ತು ‘ಆಗು’ ಎಂದು ಬಿಡಿಸುವುದು ಮೇಲ್ನೋಟಕ್ಕೆ ಒಪ್ಪುವಂತಿದೆ. ‘ಬದಲಾಗು’ ಪಕ್ಕದಲ್ಲೇ ಇದೆಯಲ್ಲ. ಆದರೆ ‘ಆಗು’ವಿನ ಪ್ರೇರಣಾರ್ಥಕ ರೂಪ ‘ಆಗಿಸು’, ‘ಆಯಿಸು’ ಅಲ್ಲ. ಅಲ್ಲದೆ ‘ಸತಾಗು’, ‘ದಬಾಗು’ ಎಂಬ ರೂಪಗಳೇ ಕನ್ನಡದಲ್ಲಿಲ್ಲ. ಒಂದು ಪದಕ್ಕೆ ಹೊಂದಿ, ಅದೇ ಗುಂಪಿನ ಉಳಿದವಕ್ಕೆ ಹೊಂದದ ನಿಷ್ಪತ್ತಿಯನ್ನು ಕೈಬಿಡುವುದೇ ಲೇಸು.

ಇಲ್ಲಿನ ದೀರ್ಘ ‘ಆ’ ಮೂಲಭಾಷೆಯದು. ಹಿಂದೂಸ್ತಾನಿಯಲ್ಲಿ ಚಲ್‌ನಾ–ಚಲಾನಾ, ದಬ್‌ನಾ–ದಬಾನಾ, ನಿಭ್‌ನಾ–ನಿಭಾನಾ ಎಂಬ ಜೋಡಿಗಳಿವೆ. ‘-ನಾ’ ಕಳಚಿ ಉಳಿದ ‘ಚಲಾ-’, ‘ದಬಾ-’ ಅಂಗಗಳಿಗೆ ಕನ್ನಡವು ಯಕಾರಾಗಮದೊಂದಿಗೆ ‘-ಇಸು’ ಸೇರಿಸಿದೆ. ಮರಾಠಿಯಿಂದ ಬಂದಿದ್ದರೆ ‘ಚಾಲವಣೇ’, ‘ನಿಭಾವಣೇ’ಗಳ ವಕಾರ ಉಳಿಯಬೇಕಿತ್ತು. ಕುತೂಹಲದ ಸಂಗತಿಯೆಂದರೆ ‘ಬದಲಾವಣೆ’, ‘ಚಲಾವಣೆ’ ಎಂಬ ನಾಮಪದಗಳಲ್ಲಿ ಅದು ಇದೆ. ಕ್ರಿಯಾಪದವೂ ಅದರ ನಾಮರೂಪವೂ ಒಂದೇ ದಾರಿಯಿಂದ ಬಂದಿರಬೇಕೆಂದೇನೂ ಇಲ್ಲ.

1894ರ ಕಿಟ್ಟೆಲ್ ನಿಘಂಟಿನಿಂದ ಈಚೆಗೆ ಭಾಷೆಯ ಹೆಸರಿನ ಸಂಕ್ಷೇಪಾಕ್ಷರವೊಂದನ್ನು ಕೊಟ್ಟು ಮುಗಿಸುವ ರೂಢಿ ಬೆಳೆದಿದೆ. ಇಂದಿನ ಓದುಗನು ‘ಹಿಂ’ ಎಂಬುದನ್ನು ಹಿಂದಿ ಎಂದೇ ಓದಿಕೊಳ್ಳುತ್ತಾನೆ. 1347ರಲ್ಲಿ ಬಹಮನಿ ರಾಜಧಾನಿಯಾದ, 1948ರವರೆಗೂ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಲಬುರಗಿಯಲ್ಲಿ ಕನ್ನಡದ ನೆರೆಯಲ್ಲಿ ಬಾಳಿದ್ದು ದಖನಿ. ಆ ಒಂದಕ್ಷರದಲ್ಲಿ ಅದು ಕಾಣೆಯಾಗುತ್ತದೆ. (ಈ ಪದಗಳು ಮೈಸೂರಿನ ಕಡೆಯೂ ಇವೆ, ನಿಜ, ದಖನಿಯೂ ಅಲ್ಲಿತ್ತು.)

ಇಂಗ್ಲಿಷ್ ಪದಗಳು ‘ಮಾಡು’ವಿನೊಡನೆ ಬಂದದ್ದಕ್ಕೂ ಇದೇ ನೆರೆ ಒಂದು ಕಾರಣವೆಂದು ನನ್ನ ಊಹೆ. ಉರ್ದುವಿನಲ್ಲೂ ಅದು ‘ಪಾರ್ಕ್ ಕರ್‌ನಾ’. ‘ನಕಲು ಮಾಡು’ವಿನ ಅಚ್ಚು ಮೊದಲೇ ಸಿದ್ಧವಿತ್ತು. ಇದಕ್ಕೆ ಅಪವಾದ ‘ಗೂಗಲಿಸು’. ಅದೂ ಇಂಗ್ಲಿಷಿನ ಕ್ರಿಯಾಪದದಿಂದ ನೇರ ಬಂದುದೋ, ‘ಖರೀದಿಸು’ವಿನಂತೆ ನಾಮಪದದ ಮೇಲೆ ಕಟ್ಟಿದ್ದೋ ಎಂಬುದನ್ನು ರೂಪವೊಂದನ್ನೇ ನೋಡಿ ತೀರ್ಮಾನಿಸಲಾಗದು.