ಎಲೆಯ ಮೇಲಿನ ಪದಾರ್ಥ

ಉಡುಪಿ ಕಡೆ ಊಟಕ್ಕೆ ಕೂತವರು ‘ಇವತ್ತು ಎಂತ ಪದಾರ್ಥ?’ ಎಂದು ಕೇಳಿದರೆ ಯಾರೂ ತತ್ತ್ವಶಾಸ್ತ್ರ ಶುರುಮಾಡುವುದಿಲ್ಲ. ಸೌತೆಕಾಯಿ ಹುಳಿಯೋ, ಬಸಳೆಯೋ, ಅಷ್ಟೇ ಉತ್ತರ. ಅನ್ನಕ್ಕೆ ಕಲಸಿಕೊಳ್ಳುವ ಮೇಲೋಗರವೇ ಅಲ್ಲಿ ಪದಾರ್ಥ. ಆ ಸೀಮೆಯಿಂದ ಬಂದ ಪಾಡಿಗಾರು ವೆಂಕಟರಮಣ ಆಚಾರ್ಯರು, ಕನ್ನಡಿಗರ ಪಾ.ವೆಂ., ಮಾತುಗಳ ಹುಟ್ಟು ಹುಡುಕುವ ತಮ್ಮ ಅಂಕಣಕ್ಕೆ ‘ಪದಾರ್ಥ ಚಿಂತಾಮಣಿ’ ಎಂದು ಹೆಸರಿಟ್ಟರು. ಪದದ ಅರ್ಥ ಒಂದು, ವೈಶೇಷಿಕ ದರ್ಶನದವರ ಪದಾರ್ಥ ಇನ್ನೊಂದು, ಮೂರನೆಯದು ಎಲೆಯ ಮೇಲಿನದು. ಮೂರನ್ನೂ ಎಣಿಸಿಯೇ ಇಟ್ಟರೋ ಏನೋ! ನನಗಂತೂ ಆ ಹೆಸರು ಕಂಡಾಗಲೆಲ್ಲ ಒಗ್ಗರಣೆಯ ಘಮ ಬರುತ್ತದೆ.

ಪಾ.ವೆಂ. ಹುಟ್ಟಿದ್ದು 1915ರಲ್ಲಿ. ಬದುಕು ಅರಳಿದ್ದು ಹುಬ್ಬಳ್ಳಿಯ ಪತ್ರಿಕಾಲಯದಲ್ಲಿ. ಅವರು ಅಲ್ಲಿಗೆ ಹೋದಾಗ ಉಡುಪಿ ಮದರಾಸು ಪ್ರಾಂತ್ಯದ್ದು, ಹುಬ್ಬಳ್ಳಿ ಮುಂಬಯಿ ಪ್ರಾಂತ್ಯದ್ದು. ಕನ್ನಡದ ಊರುಗಳು ಒಂದು ರಾಜ್ಯವಾದ 1956ರಲ್ಲೇ ಲೋಕಶಿಕ್ಷಣ ಟ್ರಸ್ಟ್ ‘ಕಸ್ತೂರಿ’ ಮಾಸಪತ್ರಿಕೆಯನ್ನು ಹೊರತಂದಿತು. ಅದನ್ನು ಬೆಳೆಸಿದ ಕೈ ಪಾ.ವೆಂ. ಅವರದು.

ಕಸ್ತೂರಿಯ ಕಸುಬು ಬತ್ತಿಸುವುದು. ಲೋಕದ ಸಂಗತಿಗಳನ್ನೆಲ್ಲ ಸೋಸಿ ಕೈಹಿಡಿಯಷ್ಟು ಸಂಚಿಕೆಗೆ ಇಳಿಸಬೇಕು. ಇಡೀ ಪುಸ್ತಕವೊಂದನ್ನು ಕೆಲವೇ ಪುಟಗಳಿಗೆ ತರಬೇಕು. ಪಾಯಸ ಮಾಡಿದವರಿಗೆ ಗೊತ್ತು, ಹಾಲು ಬತ್ತಬೇಕು, ತಳ ಹಿಡಿಯಬಾರದು. ಸಂಪಾದಕನ ಕೆಲಸ ಚೆನ್ನಾಗಿದ್ದಷ್ಟೂ ಕಣ್ಣಿಗೆ ಬೀಳುವುದಿಲ್ಲ. ತಳ ಹಿಡಿದಾಗ ಮಾತ್ರ ಎಲ್ಲರಿಗೂ ವಾಸನೆ ಹೊಡೆಯುತ್ತದೆ.

ಹರಟೆ ಬರೆಯಲು ಪಾ.ವೆಂ. ಇಟ್ಟುಕೊಂಡ ಇನ್ನೊಂದು ಹೆಸರು ಲಾಂಗೂಲಾಚಾರ್ಯ. ಲಾಂಗೂಲ ಎಂದರೆ ಬಾಲ. ಹೆಸರಿನ ಹಿಂದೆ ಬಿರುದಿನ ಬಾಲ ಅಂಟಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇವೆ. ಇವರು ಬಾಲವನ್ನೇ ಮುಂದಕ್ಕೆ ತಂದು ಆಚಾರ್ಯತ್ವವನ್ನು ಅದರ ಹಿಂದೆ ನಿಲ್ಲಿಸಿದರು. ಹರಟೆಗೆ ಇದಕ್ಕಿಂತ ಒಳ್ಳೆಯ ವೇಷ ಸಿಗದು. ಹನುಮಂತನ ಬಾಲ ಮಾಡಿದ ಕೆಲಸವೂ ನೆನಪಾಗಿ, ಓದುವ ಮೊದಲೇ ನಗು.

‘ಪದಾರ್ಥ ಚಿಂತಾಮಣಿ’ಯ ಸಹವಾಸದಿಂದ ನನಗೂ ಮಾತಿನ ಹುಟ್ಟು ಹುಡುಕುವ ಚಟ ಅಂಟಿತು. ಬಟಾಟೆ ಹೆಚ್ಚುವಾಗ ಕೈ ನಿಲ್ಲುತ್ತದೆ. ಬೆಂಗಳೂರಿನವರ ಆಲೂಗಡ್ಡೆ ಕರಾವಳಿಯಲ್ಲಿ ಬಟಾಟೆ, ಹುಬ್ಬಳ್ಳಿಯಲ್ಲಿ ಬಟಾಟಿ. ಬಟಾಟೆ ಪೋರ್ಚುಗೀಸರು ತಂದ ಮಾತು. ಅವರಿಗೂ ಸ್ವಂತದ್ದಲ್ಲ, ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಿಂದ ಬಂದದ್ದು. ಅಷ್ಟು ಕಡಲು ದಾಟಿಯೂ ಅದು ನಮ್ಮ ಪಲ್ಯದಲ್ಲಿ ಪರಕೀಯ ಅನ್ನಿಸುವುದಿಲ್ಲ. (ಈ ಯೋಚನೆಯಲ್ಲಿ ಎರಡು ಸಲ ಪಲ್ಯ ಸೀದಿದೆ. ಅದರ ಹೊಣೆ ಪಾ.ವೆಂ. ಅವರದಲ್ಲ.)

1992ರಲ್ಲಿ ಅವರು ತೀರಿಕೊಂಡರು. ‘ಪದಾರ್ಥ ಚಿಂತಾಮಣಿ’ ಪುಸ್ತಕವಾಗಿಯೂ ಬಂದಿದೆ. ಸಿಕ್ಕರೆ ಮೊದಲ ಪುಟದಿಂದ ಓದಲು ಹೋಗಬೇಡಿ. ಎಲ್ಲಾದರೂ ತೆರೆಯಿರಿ, ದಿನಕ್ಕೆ ಒಂದು ಮಾತು ಸಾಕು. ಒಲೆಯ ಮೇಲೆ ಏನೂ ಇಟ್ಟಿರಬೇಡಿ.