ಸಮಾರ್ಯದವನ ಸಾಮ್ಯ: ಅರ್ಥನಿರ್ಣಯದ ಒಂದು ಸಮಸ್ಯೆ

ಬೈಬಲ್ಲಿನ ಒಂದು ಭಾಗಕ್ಕೆ ಸರಿಯಾದ ಅರ್ಥ ಯಾವುದು, ಅದನ್ನು ನಿರ್ಣಯಿಸುವ ಪ್ರಮಾಣ ಯಾವುದು ಎಂಬ ಪ್ರಶ್ನೆ ಕ್ರೈಸ್ತ ಪರಂಪರೆಯಷ್ಟೇ ಹಳೆಯದು. ಅಲೆಕ್ಸಾಂಡ್ರಿಯದವರು ಗೂಢಾರ್ಥಕ್ಕೂ ಅಂತಿಯೋಕ್ಯದವರು ವಾಚ್ಯಾರ್ಥಕ್ಕೂ ಒತ್ತು ಕೊಟ್ಟರೆಂಬ ವಿಭಜನೆ ಎಲ್ಲರಿಗೂ ಪರಿಚಿತವಾದುದೇ. ಇಂತಹ ಸ್ಥೂಲ ವಿಭಜನೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಒಂದೇ ಕಥೆಯನ್ನು ಬೇರೆ ಬೇರೆ ಕಾಲದವರು ಹೇಗೆ ಓದಿದರೆಂದು ಹಿಂಬಾಲಿಸಿದರೆ ಸಮಸ್ಯೆಯ ಸ್ವರೂಪ ಇನ್ನಷ್ಟು ನಿಚ್ಚಳವಾಗುತ್ತದೆ. ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಬರುವ ಸಮಾರ್ಯದವನ ಸಾಮ್ಯವನ್ನು ಇದಕ್ಕಾಗಿ ಆರಿಸಿಕೊಂಡಿದ್ದೇವೆ.

ತನ್ನ ನೆರೆಯವನು ಯಾರೆಂದು ಒಬ್ಬ ಧರ್ಮಶಾಸ್ತ್ರಿ ಯೇಸುವನ್ನು ಕೇಳುತ್ತಾನೆ. ಉತ್ತರವಾಗಿ ಬರುವುದು ಕಥೆ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಬಡಿದು ಅರೆಜೀವ ಮಾಡಿ ಹೋಗುತ್ತಾರೆ. ಯಾಜಕನೊಬ್ಬ, ಬಳಿಕ ಲೇವಿಯನೊಬ್ಬ ನೋಡಿಯೂ ಓರೆಯಾಗಿ ಸಾಗುತ್ತಾರೆ. ಸಮಾರ್ಯದವನೊಬ್ಬ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಒಯ್ಯುತ್ತಾನೆ.

ಆಗಸ್ಟಿನ್ (354–430) ಈ ಕಥೆಗೆ ಕೊಟ್ಟ ಅರ್ಥ ಪ್ರಸಿದ್ಧ. ಗಾಯಗೊಂಡವನು ಆದಾಮ; ಯೆರೂಸಲೇಮು ಅವನು ಕಳೆದುಕೊಂಡ ಸ್ವರ್ಗೀಯ ನಗರ; ಕಳ್ಳರು ಸೈತಾನ ಮತ್ತು ಅವನ ದೂತರು; ಸಮಾರ್ಯದವನು ಸಾಕ್ಷಾತ್ ಕ್ರಿಸ್ತ; ಛತ್ರವೇ ಸಭೆ; ಛತ್ರದವನು ಅಪೊಸ್ತಲ ಪೌಲ. ಇದು ಆಗಸ್ಟಿನ್ನನ ಸ್ವಂತ ಕಲ್ಪನೆಯಲ್ಲ. ಅವನಿಗಿಂತ ಮೊದಲೇ ಓರಿಗೆನ್ ಇದನ್ನು ಬಹುಮಟ್ಟಿಗೆ ಹೋಲುವ ಅರ್ಥವನ್ನು ಹಿರಿಯರೊಬ್ಬರದೆಂದು ಉಲ್ಲೇಖಿಸಿದ್ದಾನೆ. ಕಾಲ್ವಿನ್ 16ನೆಯ ಶತಮಾನದಲ್ಲಿ ಇದನ್ನು ತಿರಸ್ಕರಿಸಿದ. 19ನೆಯ ಶತಮಾನದ ಕೊನೆಯಲ್ಲಿ ಆಡಾಲ್ಫ್ ಯೂಲಿಖರ್ ಸಾಮ್ಯಗಳನ್ನು ಬಿಡಿಬಿಡಿಯಾಗಿ ಸಮೀಕರಿಸಿ ಓದುವ ಪದ್ಧತಿಗೇ ತಾತ್ತ್ವಿಕ ವಿರೋಧ ಒಡ್ಡಿದರು.

ಬೆಡಗಿನ ವಚನಗಳ ಟೀಕೆಗಳಲ್ಲಿ ಪಳಗಿದವರಿಗೆ ಆಗಸ್ಟಿನ್ನನ ಪದ್ಧತಿ ಅಪರಿಚಿತವೆನಿಸದು. ಅಲ್ಲಿಯೂ ಟೀಕಾಕಾರರು ಒಂದೊಂದು ವಸ್ತುವಿಗೆ ಒಂದೊಂದು ತತ್ತ್ವವನ್ನು ಹೊಂದಿಸುತ್ತಾರೆ. ಆದರೆ ಈ ಹೋಲಿಕೆಯನ್ನು ಬಹುದೂರ ಎಳೆಯಲಾಗದು. ಬೆಡಗಿನ ವಚನದ ವಾಚ್ಯಾರ್ಥ ತನ್ನಷ್ಟಕ್ಕೆ ನಿಲ್ಲುವುದಿಲ್ಲ. ಒಗಟನ್ನು ಒಡ್ಡಿದವನೇ ಒಡೆಯುವಂತೆ ಕೇಳುತ್ತಾನೆ. ಲೂಕನ ಕಥೆಯಲ್ಲಿ ಒಗಟಿಲ್ಲ. ದಾರಿ ನಿಜವಾದ ದಾರಿ, ಸುಮಾರು 1000 ಮೀಟರಿನಷ್ಟು ಇಳಿಜಾರು. ಒಗಟಿಲ್ಲದಲ್ಲಿ ಉತ್ತರ ಹುಡುಕಿದ್ದೇ ಆಗಸ್ಟಿನ್ನನ ದೋಷ.

ಆದರೂ ಆ ದೋಷ ಬಯಲಿನಲ್ಲಿಯೇ ಇದೆ, ಯಾರನ್ನೂ ಮರುಳುಗೊಳಿಸುವುದಿಲ್ಲ. ನಮ್ಮ ಆಕ್ಷೇಪವಿರುವುದು ಚಾರಿತ್ರಿಕವೆಂಬ ವೇಷದಲ್ಲಿ ಬಂದು, ಇಂದಿಗೂ ಪ್ರವಚನಗಳಲ್ಲಿ ಕೇಳಿಬರುವ ಇನ್ನೊಂದು ಓದಿನ ಬಗ್ಗೆ. ಯಾಜಕನೂ ಲೇವಿಯನೂ ಯೆಹೂದ್ಯರ ಶುದ್ಧಾಚಾರದ ಕಟ್ಟಳೆಗೆ ಅಂಜಿ, ಹೆಣವೆಂದು ಶಂಕಿಸಿ ದೂರ ಸರಿದರು. ಯೇಸು ಆ ನಿರ್ದಯ ಧರ್ಮಶಾಸ್ತ್ರವನ್ನು ಖಂಡಿಸಿದ ಎಂಬುದು ಇದರ ಸಾರ. ಮಡಿ, ಮೈಲಿಗೆ ಎಂಬ ಮಾತುಗಳು ಕನ್ನಡದಲ್ಲಿ ಸಿದ್ಧವಾಗಿಯೇ ಇರುವುದರಿಂದ ನಮ್ಮಲ್ಲಿ ಈ ವಿವರಣೆ ಯಾವ ತಡೆಯೂ ಇಲ್ಲದೆ ಒಳಗಿಳಿಯುತ್ತದೆ.

ಪಾಠ ಇದಕ್ಕೆ ಆಧಾರ ಕೊಡುವುದಿಲ್ಲ. ಯಾಜಕನು ದಾರಿಯಲ್ಲಿ ಇಳಿದುಬರುತ್ತಿದ್ದನೆಂದು ಲೂಕ ಸ್ಪಷ್ಟವಾಗಿ ಹೇಳಿದ್ದಾನೆ. ಅಂದರೆ ಅವನು ಯೆರೂಸಲೇಮಿಗೆ ಬೆನ್ನು ಮಾಡಿ ಹೊರಟವನು, ದೇವಾಲಯದ ಸೇವೆಗೆ ಹೋಗುತ್ತಿದ್ದವನಲ್ಲ. ಯಾಜಕರು ಹೆಣ ಮುಟ್ಟಬಾರದೆಂಬ ಯಾಜಕಕಾಂಡದ 21ನೆಯ ಅಧ್ಯಾಯದ ವಿಧಿ ಆರೋನನ ವಂಶದವರಿಗೆ ಸಂಬಂಧಿಸಿದ್ದು. ಲೇವಿಯನಿಗೆ ಅದು ಅನ್ವಯಿಸದು. ಬಿದ್ದವನು ಸತ್ತೂ ಇರಲಿಲ್ಲ. ಸತ್ತಿದ್ದರೂ, ಕ್ರಿ.ಶ. ಸುಮಾರು 200ರಲ್ಲಿ ಸಂಕಲನಗೊಂಡ ಮಿಶ್ನಾದ ನಾಜೀರ್ ಭಾಗದ ಪ್ರಕಾರ, ದಿಕ್ಕಿಲ್ಲದ ಹೆಣ ಎದುರಾದರೆ ಮಹಾಯಾಜಕನೂ ಅಶುದ್ಧಿಗೆ ಹಿಂಜರಿಯದೆ ಅದರ ಸಂಸ್ಕಾರ ಮಾಡತಕ್ಕದ್ದು. ಯೆಹೂದಿ ವಿದುಷಿ ಏಮಿ-ಜಿಲ್ ಲಿವೈನ್ 2014ರಲ್ಲಿ ಪ್ರಕಟಿಸಿದ ಸಾಮ್ಯಗಳ ಅಧ್ಯಯನದಲ್ಲಿ ಈ ಅಂಶಗಳನ್ನು ಒತ್ತಿ ಹೇಳಿದ್ದಾರೆ. ಅವರಿಬ್ಬರೂ ಏಕೆ ನಿಲ್ಲಲಿಲ್ಲವೆಂದು ಕಥೆ ಹೇಳುವುದೇ ಇಲ್ಲ. ಆ ಮೌನವನ್ನು ತುಂಬಹೊರಟ ವ್ಯಾಖ್ಯಾನಕಾರರು ಇಬ್ಬರ ತಪ್ಪನ್ನು ಇಡೀ ಯೆಹೂದಿ ಧರ್ಮದ ತಲೆಗೆ ಕಟ್ಟಿದರು. ಯೆಹೂದ್ಯರು ಕ್ರೈಸ್ತರ ಕೈಯಲ್ಲಿ ಶತಮಾನಗಳ ಕಾಲ ಪಟ್ಟ ಪಾಡನ್ನು ಬಲ್ಲವರು ಇದನ್ನು ಕೇವಲ ವಿದ್ವತ್ತಿನ ಸ್ಖಾಲಿತ್ಯವೆಂದು ತಳ್ಳಿಹಾಕಲಾರರು.

ಇಲ್ಲಿ ಆಗಸ್ಟಿನ್ನನೇ ನೆರವಿಗೆ ಬರುತ್ತಾನೆಂಬುದು ಸ್ವಾರಸ್ಯಕರ. ಸುಮಾರು 396ರಲ್ಲಿ ಆರಂಭಿಸಿ 426–27ರಲ್ಲಿ ಮುಗಿಸಿದ, ಕ್ರೈಸ್ತ ಬೋಧನೆಯನ್ನು ಕುರಿತ ತನ್ನ ಗ್ರಂಥದಲ್ಲಿ ಅವನು ದೇವರ ಮತ್ತು ನೆರೆಯವನ ಪ್ರೀತಿಯನ್ನು ಅರ್ಥನಿರ್ಣಯದ ಒರೆಗಲ್ಲಾಗಿ ಇಟ್ಟಿದ್ದಾನೆ. ಕರ್ತೃವಿನ ಆಶಯವನ್ನು ತಪ್ಪಿಯೂ ಪ್ರೀತಿಗೆ ಒಯ್ಯುವ ಓದುಗ, ದಾರಿ ಬಿಟ್ಟು ಹೊಲದ ನಡುವೆ ನಡೆದರೂ ಊರು ಸೇರಿದವನಂತೆ. ಆದರೆ ಅವನನ್ನೂ ತಿದ್ದಬೇಕು. ಅಡ್ಡದಾರಿ ಅಭ್ಯಾಸವಾದರೆ ಮುಂದೆ ಊರೇ ತಪ್ಪೀತು ಎಂಬ ಎಚ್ಚರವೂ ಅಲ್ಲಿಯೇ ಇದೆ. ಈ ಒರೆಗಲ್ಲಿಗೆ ಹಚ್ಚಿದರೆ ಆಗಸ್ಟಿನ್ನನ ಗೂಢಾರ್ಥ ಹೊಲದ ದಾರಿ. ಮೈಲಿಗೆಯ ವಿವರಣೆ ಊರನ್ನೇ ತಪ್ಪಿಸಿದ ದಾರಿ. ನೆರೆಯವನನ್ನು ಪ್ರೀತಿಸಲು ಹೇಳಿದ ಕಥೆಯಿಂದ ನೆರೆಯವರ ಧರ್ಮದ ಬಗ್ಗೆ ತಿರಸ್ಕಾರವನ್ನು ಅದು ಹೊರಡಿಸಿದೆ.

ಹಾಗಾದರೆ ಒಪ್ಪತಕ್ಕ ಓದು ಯಾವುದು? ಹಿಂದುಮುಂದಿನ ಪಾಠವನ್ನು ನೋಡಬೇಕು. ಹಿಂದಿನ 9ನೆಯ ಅಧ್ಯಾಯದಲ್ಲಿಯೇ ಸಮಾರ್ಯದ ಒಂದು ಹಳ್ಳಿ ಯೇಸುವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಕಾಶದಿಂದ ಬೆಂಕಿ ಬೀಳಿಸಿ ಅದನ್ನು ಸುಡಲೇ ಎಂದು ಶಿಷ್ಯರು ಕೇಳುತ್ತಾರೆ, ಯೇಸು ಗದರಿಸುತ್ತಾನೆ. ಯಾಜಕ, ಲೇವಿಯ ಎಂದೊಡನೆ ಅಂದಿನ ಕೇಳುಗರು ಮೂರನೆಯವನಾಗಿ ಸಾಮಾನ್ಯ ಇಸ್ರಾಯೇಲ್ಯನನ್ನು ನಿರೀಕ್ಷಿಸಿರಬೇಕು. ಬಂದವನು ಆ ಹಳ್ಳಿಯವರ ಕುಲದವನು. ‘ಒಳ್ಳೆಯ ಸಮಾರ್ಯದವನು’ ಎಂಬ ರೂಢಿಯ ಹೆಸರು ಈ ಆಘಾತವನ್ನೇ ಅಳಿಸುತ್ತದೆ. ಆ ವಿಶೇಷಣ ಲೂಕನ ಪಾಠದಲ್ಲಿಲ್ಲ. ಕನ್ನಡ ಬೈಬಲ್ಲಿನ ‘ನೆರೆಯವನು’ ಎಂಬ ಮಾತು ಮಾತ್ರ ಮೂಲಕ್ಕೆ ಹತ್ತಿರವಾಗಿದೆ; ಗ್ರೀಕಿನ ‘ಪ್ಲೇಸಿಯೋನ್’ ಎಂಬುದರಲ್ಲಿಯೂ ಸಾಮೀಪ್ಯದ ಅರ್ಥವೇ ಇದೆ. ಯೇಸು ಕೊನೆಯಲ್ಲಿ ಪ್ರಶ್ನೆಯನ್ನು ತಿರುಗಿಸಿ, ಆ ಮೂವರಲ್ಲಿ ನೆರೆಯವನಾದವನು ಯಾರೆಂದು ಕೇಳಿದಾಗ ಧರ್ಮಶಾಸ್ತ್ರಿ ಕುಲದ ಹೆಸರನ್ನು ಎತ್ತದೆ, ದಯೆ ತೋರಿದವನೆಂದಷ್ಟೇ ಉತ್ತರಿಸುತ್ತಾನೆ.

ಪೂರ್ವಕಾಲವೃತ್ತಾಂತ ಎರಡನೆಯ ಭಾಗದ 28ನೆಯ ಅಧ್ಯಾಯವನ್ನೂ ಇಲ್ಲಿ ಗಮನಿಸಬೇಕು. ಯೂದಾಯದಿಂದ ಸೆರೆಹಿಡಿದು ತಂದವರಿಗೆ ಸಮಾರ್ಯದಲ್ಲಿ ಬಟ್ಟೆ, ಊಟ ಕೊಟ್ಟು, ಎಣ್ಣೆ ಹಚ್ಚಿ, ನಿಶ್ಶಕ್ತರನ್ನು ಕತ್ತೆಗಳ ಮೇಲೆ ಕೂರಿಸಿ ಯೆರಿಕೋವಿಗೆ ತಲುಪಿಸಿದ ವೃತ್ತಾಂತ ಅಲ್ಲಿದೆ. ಎಣ್ಣೆ, ವಾಹನ, ಯೆರಿಕೋ, ಸಮಾರ್ಯ ಇವು ಒಟ್ಟಿಗೆ ಬಂದಿರುವುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಪ್ರಶ್ನೆ ಕೇಳಿದ ಧರ್ಮಶಾಸ್ತ್ರಿ ಆ ಗ್ರಂಥವನ್ನು ಓದಿಕೊಂಡವನೇ.